ಮಾಸ್ಟರ ಮಣಭಾರದ ಕತ್ತರಿ

ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ ಕತ್ತರಿ ಎತ್ತೋದಕ್ಕೇ ಇನ್ನೊಂದು ಆಳು ಬೇಕು, ಅಷ್ಟು ಭಾರ. ಕೈಗೆ ಹಗುರ, ಬೆರಳಿಗೆ ಮೆತ್ತಗೆ ಅಂತ ಕತ್ತರಿ ಮಾರುವವನು ಹೊಸ ನಮೂನೆ ತೋರಿಸಿದಾಗಲೆಲ್ಲ ಅದನ್ನು ಗಾಳಿಯಲ್ಲಿ ಎರಡು ಸಲ ಕಚಕಚ ಆಡಿಸಿ, "ಉಗುರು ಕತ್ತರಿಸೋಕೆ ಚೆನ್ನಾಗಿದೆ" ಅಂತ ಮೂಗು ಮುರಿಯುತ್ತಾರೆ. ಹೆಬ್ಬೆರಳ ಬುಡ ನಿಂಬೆಹಣ್ಣಿನಷ್ಟು ಊದಿದ್ದರೂ "ಇದು ನೋವಲ್ಲ ಕಣಯ್ಯಾ, ಇಷ್ಟು ವರ್ಷದ ಸರ್ವಿಸ್ಸು" ಎನ್ನುತ್ತಾರೆ. ಊರಿಗೆಲ್ಲ ಶರ್ಟು ಕತ್ತರಿಸಿಕೊಡುವ ಈ ಮಹಾಶಯರ ಶರ್ಟಿನ ಗುಂಡಿಯನ್ನು, ಆ ಬೆರಳು ಮಡಚದ್ದರಿಂದ, ದಿನಾ ಬೆಳಿಗ್ಗೆ ಹೆಂಡತಿಯೇ ಹಾಕಬೇಕು. ಮೊನ್ನೆ ಮಗಳು ತಾನೂ ಕಟಿಂಗ್ ಕಲಿಯುತ್ತೇನೆ ಎಂದಾಗ ಮಾತ್ರ ಕತ್ತರಿ ಮಾರುವವನ ಅಂಗಡಿಗೇ ಹೋಗಿ, ಅಲ್ಲಿದ್ದ ಕತ್ತರಿಗಳನ್ನೆಲ್ಲ ಆ ಊದಿದ ಬೆರಳಿಗೇ ಹಾಕಿ ಹಾಕಿ ನೋಡಿ, ನೋಯಿಸದಂಥದ್ದೊಂದನ್ನು ಆರಿಸಿದರು. "ಉಗುರು ಕತ್ತರಿಸೋಕಾ, ಮಾಸ್ಟ್ರೇ?" ಅಂದ ಅಂಗಡಿಯವನು. "ಅಲ್ಲಪ್ಪಾ, ನಾಳೆ ಅವಳ ಗುಂಡಿ ಅವಳೇ ಹಾಕ್ಕೊಳ್ಳೋದು ಬೇಡ್ವಾ?"