ತಿಳಿಸಿದ್ದಷ್ಟೇ, ಕರೆದದ್ದಲ್ಲ

ಕರ್ ಕರ್ ಕರ್.

ನಲವತ್ತು ನಿಬ್ಬುಗಳು ಒಟ್ಟಿಗೆ ಕಾಗದ ಕೆರೆಯುವ ಸದ್ದು ಕೇಳಿದ್ದೀರಾ? ನಾನು ಆರು ವರ್ಷ ಕೇಳಿದ್ದೇನೆ. ಪ್ರತಿ ಭಾನುವಾರ, ತಿಂಡಿ ಆದ ಮೇಲೆ, ಕಾನ್ವೆಂಟ್ ಹಾಸ್ಟೆಲಿನ ಸ್ಟಡಿ ಹಾಲಿನಲ್ಲಿ. ಅದು ನಮ್ಮ ‘ಲೆಟರ್ ಅವರ್’. ಸಿಸ್ಟರ್ ಬೆನಿಟಾ (ಒಳ್ಳೆಯ ಹೆಂಗಸು, ಒಂದು ದಿನವೂ ನಮ್ಮ ಮೇಲೆ ಕೈ ಎತ್ತಿದವರಲ್ಲ) ಬೋರ್ಡಿನ ಮೇಲೆ ಚಂದದ ಅಕ್ಷರದಲ್ಲಿ ಬರೆಯುತ್ತಿದ್ದರು: ‘ಮೈ ಡಿಯರ್ ಪೇರೆಂಟ್ಸ್, ಐ ಆ್ಯಮ್ ಕ್ವೈಟ್ ವೆಲ್...’ ನಾವು ನಲವತ್ತು ಹುಡುಗಿಯರೂ ಅದನ್ನೇ ನಕಲು ಮಾಡಿ, ಕೆಳಗೆ ನಮ್ಮ ನಮ್ಮ ಹೆಸರು ಹಾಕುತ್ತಿದ್ದೆವು.

ಒಂದು ವಾರ ನನಗೆ ಮಂಗನಬಾವು. ಎರಡೂ ಗಲ್ಲ ಊದಿ ನೀರು ನುಂಗಲೂ ಆಗದು. ಸಿಕ್ ರೂಮಿನ ಮಂಚದ ಮೇಲೆ ಕೂತು ಬರೆದೆ: ಐ ಆ್ಯಮ್ ಕ್ವೈಟ್ ವೆಲ್. (ಸ್ಪೆಲ್ಲಿಂಗ್ ಮಿಸ್ಟೇಕ್ ಒಂದೂ ಇರಲಿಲ್ಲ.)

ನನ್ನ ಆಯಿಗೆ (ಅಮ್ಮನಿಗೆ ನಮ್ಮಲ್ಲಿ ಹಾಗನ್ನುತ್ತೇವೆ) ಇಂಗ್ಲಿಷ್ ಬರುತ್ತಿರಲಿಲ್ಲ. ಉಮ್ಮಚಗಿಯ ಮನೆಯಲ್ಲಿ ಅಣ್ಣ ಓದಿ ಹೇಳುತ್ತಿದ್ದ, “ಚೊಲೋ ಇದ್ದಡ.” ಚೆನ್ನಾಗಿದ್ದಾಳಂತೆ ಅಂತ. ವಾರ ವಾರವೂ ಅಷ್ಟೇ. ರಜೆಗೆ ಹೋದಾಗ ಆಯಿ ಕಾಗದದ ಕಟ್ಟನ್ನು ನನ್ನ ಮುಂದೆ ಇಟ್ಟು ಕೇಳಿದಳು, “ಕಾಗ್ದ ಎಲ್ಲ ಬಂತು. ಕೂಸು ಇದ್ರಲ್ಲಿ ಎಲ್ಲಿದ್ದು?”

ನಾನು ನಕ್ಕುಬಿಟ್ಟೆ. ಹದಿಮೂರರ ವಯಸ್ಸು. “ಆಯೀ, ಅದು ಫಾರ್ಮ್ಯಾಟು!”

ಈಗೇಕೆ ಆ ಹಳೇ ಕಥೆ ಅಂತೀರಾ? ಹೋದ ತಿಂಗಳು ನನ್ನ ಕೈಗೂ ಒಂದು ಚಾಕ್‌ಪೀಸ್ ಸಿಕ್ಕಿತು. ಅದಕ್ಕೆ.

ಶಿರಸಿಯಿಂದ ಬನವಾಸಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೈಸ್ಕೂಲಿದೆ. ಅಲ್ಲಿನ ಕನ್ನಡ ಮಾಸ್ತರರು ಫೋನ್ ಮಾಡಿದರು. “ಮೇಡಂ, ಒಂಬತ್ತನೇ ಕ್ಲಾಸಿನವರ ಜೊತೆ ನಾಲ್ಕು ಶನಿವಾರ ಕೂತು ಭಾಷೆ, ಸಾಹಿತ್ಯ, ಕಮ್ಯುನಿಕೇಷನ್ ಅಂತ ಏನಾದರೂ ಮಾತಾಡಿ. ನನ್ನ ದನಿ ಕೇಳಿ ಕೇಳಿ ಅವಕ್ಕೆ ಸಾಕಾಗಿದೆ.” ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿದವಳು ನಾನು. ಕಮ್ಯುನಿಕೇಷನ್ ನನಗಲ್ಲದೆ ಇನ್ನಾರಿಗೆ ಗೊತ್ತು? ಹೋದೆ.

ಮೊದಲ ಶನಿವಾರ ಒಂದೇ ಪ್ರಶ್ನೆ. “ಮನೆಗೆ ಯಾರಾದರೂ ಬಂದರೆ ಮೊದಲು ಏನಂತೀರಿ?”

“ಬರ್ರಿ, ಕುಂದರ್ರಿ,” ಅಂತ ಅರ್ಧ ಕ್ಲಾಸು. ಸಿದ್ದಾಪುರ ತಾಲೂಕಿನ ನಿಲ್ಕುಂದದಿಂದ ಬಂದು ಇಲ್ಲಿ ಓದುವ ಹುಡುಗಿಯೊಬ್ಬಳು, “ಆಸ್ರಿಗೆ ಎಂತ ಬೇಕು ಕೇಳ್ತ್ಯ,” ಎಂದಳು. ಕುಡಿಯಲಿಕ್ಕೆ ಏನು ಕೊಡಲಿ ಅಂತ ಕೇಳುವ ರೀತಿ ಅದು. ನಮ್ಮ ಆಯಿಯ ಮಾತು! ಎಷ್ಟು ವರ್ಷವಾಗಿತ್ತು ಕೇಳಿ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ, “ಅಪ್ಪ ಮನ್ಯಾಗಿಲ್ಲ ಅಂತೇವ್ರಿ!” ನಗು ನಿಲ್ಲಿಸಲು ಐದು ನಿಮಿಷ ಬೇಕಾಯಿತು. ಅವತ್ತಿನಿಂದ ನಾನು ಅವರಿಗೆ ‘ಅಜ್ಜಿ ಮಿಸ್’.

ಎರಡನೇ ಶನಿವಾರ, ನಿಮ್ಮ ಮನೆಯ ಒಂದು ಸದ್ದಿನ ಬಗ್ಗೆ ಬರೆಯಿರಿ ಎಂದೆ. ಹತ್ತು ಮಕ್ಕಳು ಕೋಗಿಲೆಯ ಇಂಪಾದ ಗಾನ ಅಂತ ಬರೆದರು. (ಎಲ್ಲರೂ ಕೋಗಿಲೆ ಸಾಕಿದ್ದಾರೆಯೇ?) ಸಹನಾ ಎಂಬ ಹುಡುಗಿ, ಮಾತು ಕಮ್ಮಿ, ಎರಡು ಜಡೆ, ಹೀಗೆ ಬರೆದಿದ್ದಳು:

‘ನಮ್ಮ ಗ್ವಾಡಿ ಆಚೆ ದೊಡ್ಡವ್ವನ ಅಡಗಿಮನಿ. ದಿನಾ ಮುಂಜಾನೆ ಅಕಿ ರೊಟ್ಟಿ ಬಡೀತಾಳ. ನಾ ಹಾಸಿಗ್ಯಾಗ ಮಲಕೊಂಡು ಎಣಸ್ತೀನಿ. ಹದಿನಾಲ್ಕಾದ್ರ ಮಾಮೂಲಿ. ಇಪ್ಪತ್ತಾದ್ರ ಬೀಗರು ಬಂದಾರ. ಮೊದಲನೇ ರೊಟ್ಟಿ ನಂದಿತ್ತು. ಬಿಸೀದು, ಬೆಣ್ಣಿ ಹಚ್ಚಿದ್ದು. ಈಗ ಎರಡು ವರ್ಷ ಆತು, ಬರೇ ಸಪ್ಪಳ ಬರತೈತಿ.’

“ಇದನ್ನ ಶುದ್ಧ ಮಾಡಿ ಬರೀಲೇನ್ರಿ ಮಿಸ್?” ಅಂತ ಕೇಳಿದಳು.

“ಒಂದಕ್ಷರ ಮುಟ್ಟಬೇಡ,” ಎಂದೆ. ಅಷ್ಟು ಬುದ್ಧಿ ನನಗಿತ್ತು.

ಮುಂದಿನ ವಾರ ಆ ಬುದ್ಧಿ ಎಲ್ಲಿ ಹೋಯಿತೋ. ನಾಲ್ಕನೇ ಶನಿವಾರ ಮನೆಯವರನ್ನೆಲ್ಲ ಕರೆಸಿ, ಮಕ್ಕಳು ತಾವು ಬರೆದದ್ದನ್ನು ಓದುವುದೆಂದು ತೀರ್ಮಾನವಾಗಿತ್ತು. ಹಾಗಾದರೆ ಇನ್ವಿಟೇಷನ್ ಬರೆಯುವುದನ್ನೂ ಕಲಿಸೋಣ ಅಂತ ಮೂರನೇ ಶನಿವಾರ ನಾನು ಬೋರ್ಡಿಗೆ ಹೋದೆ. ‘ಮಾನ್ಯರೇ, ನಮ್ಮ ಶಾಲೆಯಲ್ಲಿ ಹಮ್ಮಿಕೊಂಡಿರುವ ಸ್ವರಚಿತ ಬರಹಗಳ ವಾಚನ ಕಾರ್ಯಕ್ರಮಕ್ಕೆ ತಾವು ಆಗಮಿಸಿ ಶೋಭೆ ತರಬೇಕಾಗಿ ವಿನಂತಿ.’ ಮೂವತ್ತೆರಡು ಮಕ್ಕಳು ತಲೆ ತಗ್ಗಿಸಿ ನಕಲು ಮಾಡಿದರು. ಈಗಿನ ಬಾಲ್‌ಪೆನ್ನಿಗೆ ಸದ್ದಿಲ್ಲ. ಇದ್ದಿದ್ದರೆ ನನಗೆ ಅಲ್ಲೇ ಎಚ್ಚರವಾಗುತ್ತಿತ್ತೇನೋ. ಮಾಸ್ತರರು ಅದರ ಫೋಟೋ ತೆಗೆದು ಪಾಲಕರ ವಾಟ್ಸಾಪ್ ಗ್ರೂಪಿಗೂ ಹಾಕಿದರು. “ಆಗಲೇ ಥಂಬ್ಸ್ ಅಪ್ ಬರ್ತಾ ಇದೆ ಮೇಡಂ!”

ಬೆಲ್ ಹೊಡೆದ ಮೇಲೆ ಸಹನಾ ಗೇಟಿನ ಹತ್ತಿರ ನಿಂತಿದ್ದಳು.

“ಬರೂ ಶನಿವಾರ ನಾ ಓದೂದಿಲ್ರಿ ಮಿಸ್.”

“ಯಾಕೆ?”

“ದೊಡ್ಡವ್ವ ಬರೂದಿಲ್ಲ. ಅಕಿ ಕೇಳಲಿ ಅಂತನ ಬರದಿದ್ದು.”

“ಕಾಗದ ಕೊಟ್ಟಿಲ್ಲವಾ? ಕರೆದಿದ್ದೀವಲ್ಲ.”

“ತಿಳಿಸೀವ್ರಿ. ಕರದಿಲ್ಲ.”

ಹದಿನಾಲ್ಕು ವರ್ಷದ ಹುಡುಗಿ ಕಮ್ಯುನಿಕೇಷನ್ ಕಲಿಸಲು ಬಂದವಳಿಗೆ ಹೇಳಿದ ಮಾತು. ಆಮೇಲೆ ಅವಳು ಹೇಳಿದ್ದಿಷ್ಟು. ಎರಡು ವರ್ಷದ ಹಿಂದೆ ಅಪ್ಪ, ದೊಡ್ಡಪ್ಪ ಬೇರೆಯಾದರು. ಮನೆಯ ನಡುವೆ ಗೋಡೆ ಎದ್ದಿತು. ಆಗಲೂ ಮಾತುಕತೆ ಚೆನ್ನಾಗಿಯೇ ಇತ್ತು. ಹೊಸ ಅಡುಗೆಮನೆಯ ಪೂಜೆಗೆ ಅಪ್ಪ ಊರೆಲ್ಲ ತಿರುಗಿ ಕರೆದ. “ಅತ್ತಿಗಿಗೇನು ಕರೀಯೂದು, ಮನೀವ್ರ ಅಲ್ಲೇನು” ಅಂತ ದೊಡ್ಡವ್ವನಿಗೆ ಮಾತ್ರ ಪಕ್ಕದ ಮನೆಯವರ ಕೈಲಿ ಕಾರ್ಡು ಕೊಟ್ಟು ಕಳಿಸಿದ. ನಡುವೆ ಇದ್ದದ್ದು ಒಂದು ಗೋಡೆ! ಅಂದಿನಿಂದ ಆ ಕಡೆ ಈ ಕಡೆ ಮಾತಿಲ್ಲ.

ತಪ್ಪು ಎಷ್ಟು ಚಿಕ್ಕದು ಅನಿಸುತ್ತದೆಯೇ? ನಮ್ಮ ಕಡೆಯವರಿಗೆ ಅನಿಸಲಿಕ್ಕಿಲ್ಲ. ಕರೆಯುವುದೆಂದರೆ ಹೊಸ್ತಿಲು ದಾಟಿ ಒಳಗೆ ಹೋಗಬೇಕು. ಕೂರಬೇಕು. ಮನೆಯ ಹೆಂಗಸಿನ ಹಣೆಗೆ ಕುಂಕುಮ ಹಚ್ಚಿ ಬಾಯ್ಬಿಟ್ಟು ‘ಬರ್ರಿ’ ಅನ್ನಬೇಕು. ಕಾರ್ಡು ಏನಿದ್ದರೂ ತಾರೀಖು ನೆನಪಿಡಲು. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೋರ್ಡಿನ ಮುಂದೆ ನಿಂತಾಗ ಮರೆತಿತ್ತು.

“ನಡೀ,” ಎಂದೆ. “ಹೋಗೋಣ.”

ಮೊದಲು ಅವಳ ಮನೆ. ಅವ್ವ ಬಾಗಿಲಲ್ಲೇ ಸಿಕ್ಕರು.

“ಅವ್ವಾ, ಕುಂಕುಮದ ಭರಣಿ ಕೊಡು.”

“ಯಾರನ್ನ ಕರ್ಯಾಕ?”

ಸಹನಾ ಗೋಡೆಯತ್ತ ಬೆರಳು ತೋರಿಸಿದಳು. ಅವ್ವ ಗೋಡೆ ನೋಡಿದರು, ನನ್ನನ್ನು ನೋಡಿದರು. “ನಿಮ್ಮಪ್ಪ ಕೇಳಿದ್ರ?”

“ಅಜ್ಜಿ ಮಿಸ್ ಹೇಳ್ಯಾರ ಅಂತೀನಿ.” (ನಾನು ಅಂಥದ್ದೇನೂ ಹೇಳಿರಲಿಲ್ಲ. ಇರಲಿ, ಇದೂ ಒಂದು ಕಮ್ಯುನಿಕೇಷನ್.)

ಅವ್ವ ಒಳಗೆ ಹೋದರು. ಬಹಳ ಹೊತ್ತಾಯಿತು. ಬರುವಾಗ ಕೈಯಲ್ಲಿ ಭರಣಿ ಇತ್ತು. ಅದನ್ನು ಸೆರಗಿನ ತುದಿಯಿಂದ ಒರೆಸುತ್ತಾ ಬಂದರು. ಒರೆಸಿದ್ದನ್ನೇ ಮತ್ತೆ ಒರೆಸಿ ಮಗಳ ಕೈಗೆ ಕೊಟ್ಟರು.

ಆಚೆ ಮನೆಯಲ್ಲಿ ದೊಡ್ಡವ್ವ, ಹೆಸರು ನೀಲವ್ವ, ನನಗೆ ಕುರ್ಚಿ ಹಾಕಿದರು. “ಬರ್ರಿ ಅಕ್ಕೋರ, ಕುಂದರ್ರಿ.” ನೀರು, ಬೆಲ್ಲ ಬಂತು. ಹುಡುಗಿಯತ್ತ ಕಣ್ಣು ಹಾಯಿಸಲೇ ಇಲ್ಲ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: ಶಾಲೆಯಲ್ಲಿ ಒಂದು ಕಾರ್ಯಕ್ರಮ ಹಮ್ಮಿಕೊಂಡಿದ್ದೇವೆ, ತಾವು... ನನ್ನ ಬಾಯಿಂದ ಬೋರ್ಡೇ ಮಾತಾಡುತ್ತಿತ್ತು.

“ನೋಡೂಣ್ರಿ,” ಎಂದರು ನೀಲವ್ವ, ಬಹಳ ಮರ್ಯಾದೆಯಿಂದ. “ಅವತ್ತ ಹೊಲದಾಗ ಕೆಲಸ ಐತಿ.”

ಮುಗಿಯಿತು ಅಂದುಕೊಂಡೆ. ಆಗ ಸಹನಾ ನನ್ನ ಕುರ್ಚಿಯ ಹಿಂದಿನಿಂದ ಮುಂದೆ ಬಂದಳು.

“ದೊಡ್ಡವ್ವಾ, ನಾ ನಿನ್ನ ಮ್ಯಾಲೆ ಬರದೀನಿ. ನೀ ಕೇಳಬೇಕು. ಬಾ.”

ನೀಲವ್ವ ಆಗಲೂ ಅವಳನ್ನು ನೋಡಲಿಲ್ಲ. ನೋಡಿದ್ದು ಭರಣಿಯನ್ನು. “ಇದು ಯಾರದು?”

“ಅವ್ವಂದು.”

“ಅಕಿ ಕೊಟ್ಳೋ, ನೀ ಕದ್ಕೊಂಡು ಬಂದ್ಯೋ?”

“ಅಕೀನ ಕೊಟ್ಳು. ಸೆರಗಿಲೆ ಒರಸಿ ಕೊಟ್ಳು.”

  ನೀಲವ್ವ ನಿಧಾನಕ್ಕೆ ಬಗ್ಗಿ, ಹುಡುಗಿಯ ಎತ್ತರಕ್ಕೆ ಹಣೆ ಒಡ್ಡಿದರು. ಸಹನಾ ಅವಸರದಲ್ಲಿ ಹಚ್ಚಲು ಹೋಗಿ ಅರ್ಧ ಕುಂಕುಮ ಮೂಗಿನ ಮೇಲೆ.

“ಮೂಗಿಗೆ ಹಚ್ಚಾಕ ಬಂದೀಯೇನ, ಹುಚ್ಚಿ?”

ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಬೇರೆ ಕಡೆ ನೋಡಿದೆ. ಕಾಗದದಲ್ಲಿ ಕೂಸು ಎಲ್ಲಿ ಅಂತ ಆಯಿ ಕೇಳಿದ್ದು ಇದನ್ನೇ ಅಲ್ಲವೇ? ಅರವತ್ತು ವರ್ಷ ತಡವಾಗಿ ನನಗೆ ಅರ್ಥವಾಯಿತು. ಈಗ ಯಾರಿಗೆ ಹೇಳಲಿ?

ಸೋಮವಾರ ಮಾಸ್ತರರು ಮಕ್ಕಳಿಗೆಲ್ಲ ಹೇಳಿದರಂತೆ, ಕಾಗದ ಕೊಟ್ಟರೆ ಸಾಲದು, ಬಾಯಲ್ಲಿ ಕರೆಯಿರಿ ಅಂತ. ಶನಿವಾರ ಬೆಂಚು ಸಾಲದೆ ಗಂಡಸರು ಕಿಟಕಿಗೆ ಒರಗಿ ನಿಂತರು. ಸಹನಾಳ ಅವ್ವ, ದೊಡ್ಡವ್ವ ಒಂದೇ ಬೆಂಚು. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ.

ಸಹನಾ ಓದಿದಳು. “ಹದಿನಾಲ್ಕಾದ್ರ ಮಾಮೂಲಿ...”

“ಹದಿನಾಲ್ಕಲ್ಲ, ಹನ್ನೆರಡು!” ನೀಲವ್ವ ಕೂತಲ್ಲಿಂದಲೇ ಕೂಗಿದರು. “ಎಣಸಾಕ ಬರೂದಿಲ್ಲ ಇದಕ್ಕ!”

ಹುಡುಗಿ ಹಾಳೆಯಿಂದ ತಲೆ ಎತ್ತಿದಳು. “ಎರಡು ಹರಿತಾವ, ಮತ್ತ ಬಡೀತಿ. ನಂಗ ಕೇಳಸ್ತೈತಿ!”

ಇಡೀ ಕ್ಲಾಸು ನಕ್ಕಿತು. ಆದರೆ ‘ಬರೇ ಸಪ್ಪಳ ಬರತೈತಿ’ ಎಂಬಲ್ಲಿ ಯಾರೂ ನಗಲಿಲ್ಲ. ನಾನು ಬೆಂಚಿನ ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಅಲ್ಲಿ ಯಾವಾಗಲೋ ಅವ್ವನ ಕೈಚೀಲ ಬಂದು ಕೂತಿತ್ತು. ಅದರ ಮೇಲೆ ನೀಲವ್ವನ ಕೈ.

ಸಹನಾಳ ಅವ್ವ, ದೊಡ್ಡವ್ವನನ್ನು ನಾನು ಕೊನೆಯ ಬಾರಿ ಕಂಡದ್ದು ಮೊನ್ನೆ, ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ. ಸಂತೆಯ ಚೀಲಗಳ ನಡುವೆ ನಿಂತು ಇಬ್ಬರದೂ ಜೋರು ಜಗಳ.

“ಕಿಟಕಿಯಾಗಿಂದ ಸೀಟಿಗೆ ಟವೆಲ್ ಹಾಕು ಅಂತ ಹೇಳಿರಲಿಲ್ಲೇನ ನಿನಗ?”

“ಹಾಕೀನಿ ಅಕ್ಕಾ! ಅದು ಹುಬ್ಬಳ್ಳಿ ಬಸ್ ಅಂತ ನಂಗೇನ್ ಗೊತ್ತು?”

ಬಸ್ಸು ಹೋಗಿತ್ತು. ಟವೆಲ್ಲೂ ಹೋಗಿತ್ತು. ನಡುವೆ ನಿಂತ ಸಹನಾ ನನ್ನನ್ನು ಕಂಡು, ನೋಡಿದ್ರಾ ಮಿಸ್ ಎನ್ನುವಂತೆ ಹಣೆ ಚಚ್ಚಿಕೊಂಡಳು. ಮುಖದ ತುಂಬ ನಗು.

ಎರಡು ವರ್ಷ ಗೋಡೆಗೆ ಕಿವಿ ಕೊಟ್ಟು ಮಲಗಿದ ಹುಡುಗಿಗೆ ಆ ಜಗಳಕ್ಕಿಂತ ಚಂದದ ಸಾಹಿತ್ಯವನ್ನು ನಾನು ಎಲ್ಲಿಂದ ತಂದು ಓದಿಸಲಿ, ನೀವೇ ಹೇಳಿ?