ಏಣಿ ಹಿಡಿದವರು

ಉಪ್ಪಿನಂಗಡಿಯ ನಮ್ಮ ಮನೆಯ ಸ್ವಿಚ್ ಬೋರ್ಡುಗಳನ್ನು ನೆರೆನೀರು ಮುಟ್ಟದಷ್ಟು ಎತ್ತರಕ್ಕೆ ಏರಿಸಿಕೊಟ್ಟ ಎಲೆಕ್ಟ್ರಿಷಿಯನ್ ಅವರು. ಏಣಿ ಹತ್ತಿದರೆ ಕೆಳಗೆ ನೋಡುತ್ತಿರಲಿಲ್ಲ, ತಲೆ ತಿರುಗುತ್ತಿತ್ತಂತೆ. ಕೆಳಗೆ ಏಣಿ ಹಿಡಿದು ನಿಂತ ನನ್ನನ್ನು ಮೆಟ್ಟಿಲು ಮೆಟ್ಟಿಲಿಗೂ ಕೇಳುತ್ತಿದ್ದರು: "ಹಿಡ್ಕೊಂಡಿದ್ದೀರಲ್ಲ ಮಾರಾಯ್ರೆ?"

ಒಮ್ಮೆ ಚಹಾದ ಹೊತ್ತಿಗೆ ಮೊಬೈಲಿನಲ್ಲಿ ಹಳೆಯದೊಂದು ಕಪ್ಪುಬಿಳುಪು ಮೂಕಿ ಹಾಸ್ಯಚಿತ್ರ ತೋರಿಸಿದೆ. ಗೋಡೆಗೆ ಸುಣ್ಣ ಬಳಿಯುತ್ತಿದ್ದವ ಏಣಿಸಮೇತ ಮಗುಚಿ ಬಿದ್ದ. ನಾನು ಬಿದ್ದು ಬಿದ್ದು ನಕ್ಕೆ. ಅವರ ಗ್ಲಾಸಿನಿಂದ ಚಹಾ ತುಳುಕಿತು.

"ನಗುದೆಂತ? ಕೆಳಗೆ ಹಿಡಿಯುವವ ಎಲ್ಲಿ ಹೋದ?"

ಚಹಾ ಮುಗಿಸಿ ಮತ್ತೆ ಏಣಿ ಹತ್ತಿದರು. ಸಿನಿಮಾ ಇನ್ನೂ ಮುಗಿದಿರಲಿಲ್ಲ. ನನ್ನ ಒಂದು ಕೈಯಲ್ಲಿ ಮೊಬೈಲು. ನಗು ಮೇಲಕ್ಕೆ ಕೇಳಬಾರದೆಂದು ಇನ್ನೊಂದು ಕೈ ಬಾಯಿಗೆ ಅಡ್ಡ. ಏಣಿ ತುಸು ಅಲುಗಿತು.

"ಹಿಡ್ಕೊಂಡಿದ್ದೀರಲ್ಲ ಮಾರಾಯ್ರೆ?"

"ಹಿಡ್ಕೊಂಡಿದ್ದೇನೆ" ಅಂದೆ.

ಅವರು ಇನ್ನೊಂದು ಮೆಟ್ಟಿಲು ಹತ್ತಿದರು.