ಬಿ ಶಿಫ್ಟ್ ವಾರದ ಕಂಕುಳು

ಮಗಳ ಕಂಕುಳು ಮೂಸಿ ನೋಡುವುದೂ ತಂದೆಯಾದವನ ಕೆಲಸಗಳಲ್ಲಿ ಒಂದು ಎಂದು ಮದುವೆಗೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮದುವೆ ಬಿಡುತ್ತಿದ್ದೆ ಎಂದಲ್ಲ. ಮೂಗನ್ನಾದರೂ ಸ್ವಲ್ಪ ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದೆ. ನಾನು ಉಕ್ಕಿನ ಕಾರ್ಖಾನೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಪಕ್ಕ ನಿಂತು ದುಡಿಯುವವನು. ಮನೆ ಕುರೆಕುಪ್ಪದಲ್ಲಿ. ಒಲೆಯ ಮೇಲೆ ಹಾಲು ಉಕ್ಕಿ ಸೀದು ಹೋಗುತ್ತಿದ್ದರೂ ಪಕ್ಕದಲ್ಲೇ ಕುಳಿತು ಪೇಪರ್ ಓದುವವನು ಎಂದು ಈ ಮೂಗಿನಿಂದಾಗಿ ನನಗೆ ಮನೆಯಲ್ಲಿ ಹೆಸರಿದೆ.

ನಮ್ಮ ಮಗಳು ಹುಲಿಗಿಗೆ ಎರಡೂವರೆ ವರ್ಷ. ಜನನ ಪತ್ರದಲ್ಲಿ ಬೇರೆ ಯಾವುದೋ ನಾಜೂಕಿನ ಹೆಸರಿದೆ, ಆ ಹೆಸರಿನಿಂದ ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ. ಒಂದು ಬೆಳಿಗ್ಗೆ ಹೆಂಡತಿ ರೇಣುಕಾ ಅವಳನ್ನು ಸ್ನಾನಕ್ಕೆ ಎತ್ತಿಕೊಂಡವಳು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟಳು.

"ರೀ, ಇಲ್ಲಿ ಬರ್ರಿ. ಕೂಸಿನ ಕಂಕುಳ ಮೂಸಿ ನೋಡ್ರಿ."

ಮೂಸಿದೆ. "ಏನೂ ಇಲ್ಲಲ್ಲ," ಎಂದೆ.

"ದುಡದು ಬಂದ ಗಂಡಸರು ನಾರಿದಂಗ ನಾರಾಕತ್ತೇತಿ, ಏನೂ ಇಲ್ಲಂತೀರಿ! ನಿಮ್ಮ ಮೂಗು ಫ್ಯಾಕ್ಟರ್‍ಯಾಗ ಸತ್ತೋಗೇತಿ ಬಿಡ್ರಿ."

ಮೂಗು ಸತ್ತಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತರೂ ಊರು ಹೇಳಬಲ್ಲೆ. ಆಲೆಮನೆಯ ಬೆಲ್ಲದ ವಾಸನೆ ಬಂದರೆ ಕಂಪ್ಲಿ ಹತ್ತಿರವಾಯಿತು ಎಂದರ್ಥ. ನೀರು ನಿಂತ ಗದ್ದೆಯ ವಾಸನೆ ಬಂದರೆ ಅತ್ತೆಯ ಊರು ಎಮ್ಮಿಗನೂರು, ನೆಟ್ಟಗೆ ಕುಳಿತುಕೊಳ್ಳಬೇಕು. ಮೊದಲ ಮಳೆಗೆ ನೆಂದ ಅದಿರಿನ ಮಣ್ಣಾದರೆ ಸಂಡೂರು. ನಮ್ಮ ಭಾಷೆಯೂ ಮೂಗಿನ ವಿಷಯದಲ್ಲಿ ಬಡವಲ್ಲ. ಮಲ್ಲಿಗೆಗೆ ಪರಿಮಳ, ಒಗ್ಗರಣೆಗೆ ಘಮ, ಹಳೆಯ ಎಣ್ಣೆಗೆ ಕಮಟು, ಚರಂಡಿಗೆ ಗಬ್ಬು. ದುಡಿದು ಬೆವೆತ ಮೈಯ ವಾಸನೆಗೆ ಮಾತ್ರ ಒಂದು ಮರ್ಯಾದೆಯ ಶಬ್ದವನ್ನು ನಮ್ಮ ಹಿರಿಯರು ಮಾಡಿಡಲಿಲ್ಲ. ಅವರೆಲ್ಲ ಹೊಲದಲ್ಲಿ ಬೆವೆತವರೇ, ಬಹುಶಃ ಪುರಸೊತ್ತು ಸಿಕ್ಕಿರಲಿಲ್ಲ.

ವಾಸನೆ ಒಂದು ವಾರ ಇತ್ತು, ಹೋಯಿತು. ಎರಡು ವಾರ ಬಿಟ್ಟು ಮತ್ತೆ ಬಂತು. ಸುದ್ದಿ ಎಮ್ಮಿಗನೂರು ತಲುಪಿ ಅತ್ತೆ ಮೈಗೆ ಉಜ್ಜಿ ತೊಳೆಯಲೆಂದು ಕಡಲೆಹಿಟ್ಟು, ಬೇವಿನಸೊಪ್ಪು, ಕಚೋರದ ಪುಡಿಯೊಂದಿಗೆ ಬಂದಿಳಿದರು. ಮೊಮ್ಮಗಳ ತೋಳೆತ್ತಿ ಮೂಸಿ ಮುಖ ಕಿವುಚಿದರು. "ನಮ್ ಕಡಿ ಯಾರಿಗೂ ಹಿಂಗಿಲ್ಲವ್ವ. ಇದು ಚೋರನೂರು ಕಡಿದೇ ಇರಬೇಕು," ಎಂದರು. ಚೋರನೂರು ನನ್ನ ಊರು. ಅಲ್ಲಿಂದ ಬಂದ ನನ್ನ ಮೂಗು, ನನ್ನ ಗೊರಕೆ, ನನ್ನ ಮರೆವು, ಎಲ್ಲದರ ಮೇಲೂ ಅತ್ತೆಯ ತೀರ್ಪು ಮೊದಲೇ ಬಂದಿತ್ತು. ಈಗ ಕಂಕುಳೂ ಸೇರಿತು.

ರೇಣುಕಾ ಮಾತ್ರ ನಗುತ್ತಿರಲಿಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ದೊಡ್ಡವರ ಬೆವರಿನ ವಾಸನೆ ಬಂದರೆ ಒಳಗೆ ಏನೋ ಹೆಚ್ಚುಕಮ್ಮಿ ಆಗಿರಬಹುದು ಎಂದು ಮೊಬೈಲಿನಲ್ಲಿ ಎಲ್ಲೋ ಓದಿಬಿಟ್ಟಿದ್ದಳು. ಹೊಲಿಗೆ ಮೆಷೀನಿನ ಮುಂದೆ ಕುಳಿತವಳು ಕಾಲು ನಿಲ್ಲಿಸಿ ಸುಮ್ಮನೆ ಮಗಳನ್ನೇ ನೋಡುತ್ತಿದ್ದಳು. ಅದನ್ನು ನೋಡಲಾಗದೆ ನಾನೂ ಏನಾದರೂ ಮಾಡಬೇಕೆಂದು ಹೊರಟೆ. ಗಂಡಸರು ಹಾಗೆ ಹೊರಟಾಗಲೇ ಎಡವಟ್ಟಾಗುವುದು. ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ, ಆ ಪಟಿಕದ ತುಂಡು ತಂದು ಒದ್ದೆ ಮಾಡಿ ಮಗಳ ಕಂಕುಳಿಗೆ ಉಜ್ಜಿದೆ. ಅಲ್ಲಿ ಬೆವರುಸಾಲೆ ಎದ್ದಿದ್ದು ನನಗೆ ಕಾಣಲಿಲ್ಲ. ಅವಳು ಕಿರುಚಿದ್ದು ಓಣಿಗೆಲ್ಲ ಕೇಳಿತು.

ಅಂದಿನಿಂದ ಹುಲಿಗಿ ಕೈ ಎತ್ತುವುದನ್ನೇ ಬಿಟ್ಟಳು.

ಇದು ಎಷ್ಟು ದೊಡ್ಡ ವಿಷಯ ಎಂದು ಮಕ್ಕಳಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅದುವರೆಗೆ ನಾನು ಬಾಗಿಲಿಗೆ ಬಂದರೆ ಸಾಕು, ಎರಡೂ ಕೈ ಮೇಲೆತ್ತಿ ಎದುರು ನಿಲ್ಲುತ್ತಿದ್ದಳು. ಎತ್ತಿಕೋ ಎಂದು ಬಾಯಲ್ಲಿ ಹೇಳುತ್ತಲೂ ಇರಲಿಲ್ಲ. ಈಗ ನಾನು ಬಂದರೆ ತೋಳುಗಳನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲುತ್ತಾಳೆ. ಬಂದವರೆಲ್ಲ ಕೈ ಹಿಡಿದೆತ್ತಿ, ಮೂಸಿ, ಮುಖ ಕಿವುಚಿದ್ದು ಸಾಲದೆ ಅಪ್ಪ ಉರಿಯುವುದನ್ನು ಬೇರೆ ಹಚ್ಚಿದ. ಅವಳ ಜಾಗದಲ್ಲಿ ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ. ನನಗೆ ಭಾಳ ಸಂಕಟವಾಯಿತು.

ನನ್ನ ರಜಾದಿನ ಹೊಸಪೇಟೆಯ ಮಕ್ಕಳ ಡಾಕ್ಟರ ಬಳಿ ಹೋದೆವು. ಮೆಕ್ಯಾನಿಕ್ ಎದುರು ಬೈಕು ಸದ್ದು ನಿಲ್ಲಿಸುವಂತೆ, ಅಂದು ಅವಳ ಮೈಯಲ್ಲಿ ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಡಾಕ್ಟರಮ್ಮ ಅವಳ ಕೈಗೆ ಸ್ಟೆತಸ್ಕೋಪು ಕೊಟ್ಟು ಆಡಿಸುತ್ತಲೇ ಎಲ್ಲ ಪರೀಕ್ಷಿಸಿದರು. "ಎತ್ತರ, ತೂಕ ಎಲ್ಲ ಸರಿ ಐತ್ರಿ. ಹೆದರುವಂಥದ್ದು ನನಗೇನೂ ಕಾಣ್ಸವಲ್ದು. ಆ ಪಟಿಕ, ಪೌಡ್ರು, ಸೆಂಟು ಏನೂ ಹಚ್ಚಬ್ಯಾಡ್ರಿ. ಯಾವ್ಯಾವ ದಿನ ವಾಸನಿ ಬರ್ತೈತಿ ಅನ್ನೋದನ್ನ ಬರ್ದಿಟ್ಟು ಎರಡು ತಿಂಗಳು ಬಿಟ್ಟು ಬರ್ರಿ," ಎಂದರು.

ಮನಸ್ಸು ಹಗುರವಾದಂತಾಗಿ ಅಲ್ಲಿಂದ ಹಂಪಿಗೆ ಹೋದೆವು. ಹಂಪಿಗೆ ಬರುವವರೆಲ್ಲ ಕಣ್ಣು ತಂದಿರುತ್ತಾರೆ, ಮೂಗನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ರಾಜರು ಪೂಸಿಕೊಂಡ ಗಂಧ ಕಸ್ತೂರಿಯ ಸುಳಿವು ಯಾವ ಕಲ್ಲಿನಲ್ಲೂ ಉಳಿದಿಲ್ಲ. ಕತ್ತಲೆಯ ಮಂಟಪದೊಳಗೆ ಬಾವಲಿಗಳು ಮಾತ್ರ ತಮ್ಮ ವಾಸನೆಯನ್ನು ಬಿಡದೆ ನಡೆಸಿಕೊಂಡು ಬಂದಿವೆ. ಈ ವಿಚಾರವನ್ನು ರೇಣುಕಾಗೆ ವಿವರಿಸುತ್ತಿದ್ದಾಗ ಹುಲಿಗಿ ಒಂದು ಮಂಟಪದ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಮೆಟ್ಟಿಲು ಅವಳ ಸೊಂಟಕ್ಕೆ ಬರುತ್ತಿತ್ತು. ನಾನು ಬಗ್ಗಿ ಕೈಚಾಚಿದೆ. ಅವಳು ನನ್ನ ಮುಖ ನೋಡಿದಳು, ತೋಳು ಬಿಗಿ ಮಾಡಿಕೊಂಡಳು, ಆಮೇಲೆ ಎದೆ ಊರಿ, ಮೊಣಕಾಲು ತರಚಿಸಿಕೊಂಡು ತಾನೇ ಹತ್ತಿದಳು. ಆಮೇಲೆ ನಾನು ಬಾವಲಿಯ ಮಾತೆತ್ತಲಿಲ್ಲ.

ನಮ್ಮ ಗೋಡೆಯ ಮೇಲಿರುವುದು ಒಂದೇ ಕ್ಯಾಲೆಂಡರು, ನನ್ನ ಶಿಫ್ಟಿನ ಪಟ್ಟಿ. ಎ ಶಿಫ್ಟ್ ಒಂದು ವಾರ, ಬೆಳಿಗ್ಗೆ ಆರಕ್ಕೆ ಹೋಗಿ ಮಧ್ಯಾಹ್ನ ಬರುತ್ತೇನೆ. ಬಿ ಶಿಫ್ಟ್ ವಾರ ಮಧ್ಯಾಹ್ನ ಹೋದರೆ ಬರುವಷ್ಟರಲ್ಲಿ ಮಗಳು ಮಲಗಿರುತ್ತಾಳೆ. ಸಿ ಶಿಫ್ಟ್ ವಾರ ಅವಳು ಮಲಗಿದ ಮೇಲೆ ರಾತ್ರಿ ಹೋಗುತ್ತೇನೆ, ಹಗಲೆಲ್ಲ ಮನೆಯಲ್ಲೇ ನಿದ್ದೆ. ವಾಸನೆ ಬಂದ ದಿನ ರೇಣುಕಾ ತನ್ನ ಹಣೆಯ ಕೆಂಪು ಟಿಕ್ಕಿ ತೆಗೆದು ಆ ಪಟ್ಟಿಗೆ ಅಂಟಿಸತೊಡಗಿದಳು. ಆರು ವಾರವಾಯಿತು. ಅಂಟಿದ ಟಿಕ್ಕಿಗಳೆಲ್ಲ ಬಿ ಎಂದು ಬರೆದ ಮನೆಗಳಲ್ಲೇ ಸಾಲಾಗಿ ಕುಳಿತಿದ್ದವು. ಎ ಖಾಲಿ, ಸಿ ಖಾಲಿ.

ಮುಂದಿನ ಬಿ ಶಿಫ್ಟ್ ವಾರ ನಾನು ಹೊರಟ ಮೇಲೆ ರೇಣುಕಾ ಮೆಷೀನು ನಿಲ್ಲಿಸಿ ಮಗಳು ಮಲಗಿದ್ದ ಕೋಣೆಗೆ ಮೆಲ್ಲಗೆ ಹೋದಳಂತೆ. ಚಹಾದ ಬಿಡುವಿನಲ್ಲಿ ನನಗೆ ಫೋನು ಬಂತು.

"ನಿಮ್ಮ ತಲಿ ಅರಿವಿ ಕಳದಾವಂತ ಒದರ್‍ತಿದ್ರಲ್ಲ?"

ಹೆಲ್ಮೆಟ್ಟಿನ ಕೆಳಗೆ ಬೆವರು ಹೀರಲೆಂದು ನಾವು ಒಂದು ಬಟ್ಟೆ ಕಟ್ಟಿಕೊಳ್ಳುತ್ತೇವೆ. ಅವ್ವನ ಹಳೆಯ ಸೀರೆ ಕತ್ತರಿಸಿ ಮಾಡಿದ ಐದರಲ್ಲಿ ಎರಡು ಕಾಣೆಯಾಗಿದ್ದವು. ಪಕ್ಕದ ಲಾಕರಿನವನ ಮೇಲೆ ನನಗೆ ಅನುಮಾನವಿತ್ತು, ಒಂದೆರಡು ಸಲ ಅವನ ತಲೆಯನ್ನೇ ಗುರಾಯಿಸಿ ನೋಡಿದ್ದೆ.

"ಅವನೇ ಏನು?" ಎಂದೆ.

"ಅವನಲ್ರೀ. ನಿಮ್ಮ ಮಗಳು. ಎರಡೂ ಕಂಕುಳಾಗ ಒಂದೊಂದು ಅವುಚ್ಕೊಂಡು ಮಕ್ಕೊಂಡಾಳ. ಎದ್ದ ಮ್ಯಾಲ ದಿಂಬಿನ ಚೀಲದಾಗ ತುರುಕ್ತಾಳ. ನೀವು ಮನ್ಯಾಗ ಇಲ್ದಾಗ ಅವಳಿಗೆ ಅದೇ ಅಪ್ಪ." ನನ್ನ ಕೈಯ ಚಹಾ ಆರಿಹೋಯಿತು.

ನನ್ನ ಮೂಗಿನ ಮೇಲಿದ್ದ ಆರೋಪವೂ ಅಂದೇ ಬಿದ್ದುಹೋಯಿತು. ತನ್ನ ವಾಸನೆ ತನಗೆ ಯಾರಿಗೆ ತಿಳಿಯುತ್ತದೆ? ಇಷ್ಟು ದಿನ ನಾನು ನನ್ನನ್ನೇ ಮೂಸಿ ಏನೂ ಇಲ್ಲ ಎಂದಿದ್ದೆ. ಅತ್ತೆಯ ತೀರ್ಪೂ ಸರಿಯಾಗಿಯೇ ಇತ್ತು, ಅದು ಖಂಡಿತ ಚೋರನೂರು ಕಡೆಯದೇ. ಫೋನಿನಲ್ಲಿ ಒಪ್ಪಿಕೊಂಡಾಗ ಅವರು, "ನಾ ಅವತ್ತೇ ಹೇಳಿಲ್ಲೇನು," ಎಂದು ಸಂತೋಷಪಟ್ಟರು.

ಡಾಕ್ಟರಮ್ಮನೂ ನಕ್ಕರು, ಬಟ್ಟೆ ಒಗೆದು ಕೊಡಿ ಎಂದರು. ಒಗೆದು ಕೊಟ್ಟರೆ ಹುಲಿಗಿ ಮೂಸಿ ಬಿಸಾಡಿದಳು. ಕೊನೆಗೆ ರೇಣುಕಾಳೇ ದಾರಿ ಹುಡುಕಿದಳು. ಒಗೆದ ಬಟ್ಟೆಯನ್ನು ನಾನು ಸ್ನಾನ ಮಾಡಿ ಒಂದು ಹೊತ್ತು ಹೆಗಲ ಮೇಲೆ ಹಾಕಿಕೊಳ್ಳಬೇಕು. ಆಮೇಲೆ ಅವಳು ಮೂಸಿ, "ಇಷ್ಟು ಸಾಕು, ಕೊಡ್ರಿ," ಎನ್ನುತ್ತಾಳೆ. ನನ್ನ ಅಪ್ಪಣೆ ಏನೂ ನಡೆಯುವುದಿಲ್ಲ. ಮಗಳ ಕಂಕುಳನ್ನು ಯಾರೂ ಮೂಸಬಾರದು ಎಂಬುದೊಂದೇ ನಾನು ಹೊರಡಿಸಿದ ಆಜ್ಞೆ.

ಮೊನ್ನೆ ಎ ಶಿಫ್ಟ್ ಮುಗಿಸಿ ಬಂದೆ. ಅಂಗಿ ಬೆನ್ನಿಗೆ ಅಂಟಿತ್ತು. ಹುಲಿಗಿ ಹೊಸ್ತಿಲ ಮೇಲೆ ನಿಂತು ನನ್ನನ್ನು ಅಳೆಯುವಂತೆ ನೋಡಿದಳು. ನಾನು ಕೈಚಾಚಲಿಲ್ಲ, ಸುಮ್ಮನೆ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತೆ. ಸ್ವಲ್ಪ ಹೊತ್ತಾಯಿತು. ಒಂದು ಕೈ ಮೇಲೆದ್ದಿತು, ಹಿಂದೆಯೇ ಇನ್ನೊಂದು. ಎತ್ತಿಕೊಂಡೆ. ಅವಳು ನನ್ನ ತೋಳಿನ ಕೆಳಗೆ ಮೂಗು ತೂರಿಸಿ ಉದ್ದವಾಗಿ ಉಸಿರೆಳೆದು ಅಲ್ಲೇ ತಲೆಯಿಟ್ಟಳು.

"ಮೊದ್ಲು ಜಳಕ ಮಾಡ್ಕೊಂಡ್ ಬರ್ರಿ," ಎಂದು ರೇಣುಕಾ ಒಳಗಿನಿಂದ ಕೂಗಿದಳು.

ಮಾಡಿದರಾಯಿತು, ಅವಸರವೇನು.